ಇಳಿಯದ ಮುದ್ದೆ

ನಮ್ಮ ಮಾವ ಆವುಲಪ್ಪನವರು ಮುದ್ದೆ ನುಂಗುವುದನ್ನು ಮೊದಲ ಸಲ ನೋಡಿದಾಗ ನನಗೆ ಗಾಬರಿಯಾಗಿತ್ತು. ಮದುವೆಯಾಗಿ ತಮಿಳು ಸೀಮೆಯ ಸೂಳಗಿರಿ ಹತ್ತಿರದ ಈ ಹಳ್ಳಿಗೆ ಬಂದ ಹೊಸದು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಮಾವ ಮುದ್ದೆಯಿಂದ ನಿಂಬೆಹಣ್ಣಿನಷ್ಟು ಮುರಿದು, ಬೆರಳಲ್ಲೇ ಉಂಡೆ ಮಾಡಿ, ಅವರೆಕಾಳಿನ ಸಾರಿನಲ್ಲಿ ಹೊರಳಿಸಿ ಬಾಯಿಗೆ ಹಾಕಿಕೊಂಡರು. ದವಡೆ ಅಲ್ಲಾಡಲಿಲ್ಲ. ಗಂಟಲು ಒಮ್ಮೆ ಮೇಲಕ್ಕೆ ಹೋಗಿ ಕೆಳಕ್ಕೆ ಬಂತು, ಅಷ್ಟೆ. ಆಮೇಲೆ ಇನ್ನೊಂದು ತುತ್ತು.

"ಯಾಕ್ ತಾಯಿ, ಹಂಗ್ ನೋಡ್ತೀಯ? ಬೆಂಗ್ಳೂರಾಗೆ ಮುದ್ದೆ ತಿನ್ನಲ್ವಾ?"

"ತಿಂತೀವಿ ಮಾವ. ಆದ್ರೆ ಅಗಿದು ತಿಂತೀವಿ."

ಅವರು ತಲೆ ಹಿಂದಕ್ಕೆ ಹಾಕಿ ನಕ್ಕರು. ಅಡುಗೆಮನೆ ಕಡೆ ತಿರುಗಿ, "ಕೇಳಿದೇನೇ? ಮುದ್ದೆ ಅಗೀತಾರಂತೆ! ಹಂಗಾರೆ ನೀರ್ನೂ ಅಗೀತಾರೇನೋ ಕೇಳು" ಎಂದರು.

ಒಳಗಿನಿಂದ ಅತ್ತೆ ರಾಮಲಕ್ಷ್ಮಮ್ಮನವರ ದನಿ ಬಂತು: "ಸುಮ್ಕೆ ಉಣ್ರಿ. ಹೊಸಾ ಹೆಣ್ಣು, ಬೆದರ್ಕೊಂಡಾಳು."

ಮಾವನವರ ಬದುಕನ್ನು ಹೇಳಲು ಹೊರಟರೆ ಮುದ್ದೆಯನ್ನು ಬಿಟ್ಟು ಹೇಳಲು ನನಗೆ ಬರುವುದಿಲ್ಲ. ಎರಡು ಎಕರೆ ಹೊಲ, ರಾಗಿ, ಒಂದಷ್ಟು ಟೊಮೇಟೊ, ಬದುವಿನಲ್ಲಿ ಮಾವಿನ ಮರ. ಹರೆಯದಲ್ಲಿ ಹೊಸೂರಿನ ಒಂದು ಕಾರ್ಖಾನೆಗೆ ಲೋಡಿಂಗ್ ಕೆಲಸಕ್ಕೆ ಸೇರಿದ್ದರಂತೆ. ಒಳ್ಳೆ ಕೆಲಸ, ಕ್ಯಾಂಟೀನ್ ಊಟ. ಆದರೆ ಊಟ ಎಂದರೆ ದಿನಾ ಅನ್ನ. ಆ ವರ್ಷದ ಮಳೆ ಬೀಳುವ ಮೊದಲೇ ಬಿಟ್ಟು ಬಂದರು. "ಅನ್ನ ತಿಂದು ಮೂಟೆ ಎತ್ತಕ್ಕಾಯ್ತದಾ? ಎತ್ತೋ ಹೊತ್ಗೆ ಹೊಟ್ಟೆ ಖಾಲಿ ಆಗ್ಬುಡ್ತದೆ" ಎಂದು ಮಗನನ್ನು ಆಗಾಗ ರೇಗಿಸುತ್ತಿದ್ದರು. ನನ್ನ ಗಂಡ ಮುರಳಿಕೃಷ್ಣ ಅದೇ ಹೊಸೂರಿನ ಇನ್ನೊಂದು ಕಾರ್ಖಾನೆಗೆ ಕಂಪನಿ ಬಸ್ಸಿನಲ್ಲಿ ಹೋಗಿಬರುವವರು. ಅವರ ಡಬ್ಬಿಯಲ್ಲಿ ಚಿತ್ರಾನ್ನ ಕಂಡರೆ ಮಾವ ಮುಖ ಸಿಂಡರಿಸುತ್ತಿದ್ದರು.

ಮಾವನದು ಮನೆಯವರೊಂದಿಗೆ ಕನ್ನಡ, ಟೊಮೇಟೊ ಮಂಡಿಯಲ್ಲಿ ತೆಲುಗು, ತಾಲ್ಲೂಕು ಆಫೀಸಿನಲ್ಲಿ ತಮಿಳು. ಊಟವಾದ ಮೇಲೆ ಎಲೆ ಅಡಿಕೆಯ ಜೊತೆ ಒಂದು ಚೂರು ಹೊಗೆಸೊಪ್ಪು. ಅದೊಂದು ಬಿಟ್ಟರೆ ಬೇರೆ ಅಭ್ಯಾಸವಿರಲಿಲ್ಲ.

ಅತ್ತೆಯ ಮುದ್ದೆಗೆ ನಮ್ಮ ಬೀದಿಯಲ್ಲಿ ಹೆಸರಿತ್ತು. ಕಳೆ ಕೀಳಲು ಬರುವ ಹೆಂಗಸರು, "ರಾಮಲಕ್ಷ್ಮಕ್ಕನ ಕೈ ಮುದ್ದೆ ಅಂದ್ರೆ ಬತ್ತೀವಿ" ಎನ್ನುತ್ತಿದ್ದರು. ಎಸರು ಕುದಿಯುವ ಸದ್ದು ಕೇಳಿಯೇ ಹಿಟ್ಟು ಹಾಕುವ ಹೊತ್ತು ತಿಳಿಯುತ್ತಿತ್ತು ಅವರಿಗೆ. ಪಾತ್ರೆಯನ್ನು ಎರಡು ಪಾದಗಳ ನಡುವೆ ಒತ್ತಿಹಿಡಿದು ಕೋಲಿನಿಂದ ತಿರುವುವಾಗ ಯಾರೂ ಮಾತಾಡಿಸಬಾರದು. ಒಂದು ಗಂಟು ಸಿಕ್ಕಿದರೆ ಆ ದಿನವೆಲ್ಲ ಮುಖ ಬಾಡಿರುತ್ತಿತ್ತು. ಈ ಮನೆಯಲ್ಲಿ ಮುದ್ದೆ ಚೆನ್ನಾಗಿಲ್ಲ ಎನ್ನುವುದೂ ಅತ್ತೆಯನ್ನು ಬಯ್ಯುವುದೂ ಒಂದೇ. ಅದು ಮಾವನಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಅದರಿಂದಲೇ ಎಲ್ಲ ತಡವಾಯಿತು.

ಹೋದ ವರ್ಷದ ಸುಗ್ಗಿಯ ನಂತರ, ಹೊಸ ರಾಗಿ ಬೀಸಿಸಿ ತಂದ ದಿನಗಳಲ್ಲಿ, ಮಾವ ಊಟದ ಮಧ್ಯೆ ಕೈ ನಿಲ್ಲಿಸಿ ನೀರು ಕುಡಿಯತೊಡಗಿದರು. ಮುದ್ದೆ ತಿನ್ನುವವರು ನಡುವೆ ನೀರು ಕುಡಿಯುವುದಿಲ್ಲ. ಅತ್ತೆ ಗಮನಿಸಿದರು.

"ಯಾಕೆ, ಇಳೀತಿಲ್ವಾ?"

"ಹೊಸ ರಾಗಿ ಅಲ್ವಾ, ಅಂಟು" ಎಂದರು ಮಾವ.

ಹೌದಲ್ಲ ಎನಿಸಿತು ಎಲ್ಲರಿಗೂ. ಹೊಸ ರಾಗಿ ಅಂಟೇ. ಅತ್ತೆ ತೊರಪಲ್ಲಿ ಅಗ್ರಹಾರದ ಕಡೆ ಇರುವ ತಂಗಿಯ ಮನೆಯಿಂದ ಹಳೆ ರಾಗಿ ತರಿಸಿದರು. ಒಂದೆರಡು ದಿನ ಸರಿಹೋಯಿತು, ಅಥವಾ ಸರಿಹೋದಂತೆ ಮಾವ ಉಂಡರು. ಮತ್ತೆ ನೀರು. ಈಗ ತಪ್ಪು ಮಿಲ್ಲಿನದಾಯಿತು. "ಕಲ್ಲು ಸವೆದೈತೆ, ಹಿಟ್ಟು ತರಿತರಿ" ಎಂದು ಅತ್ತೆ ಮಿಲ್ಲಿನವನೊಂದಿಗೆ ಜಗಳ ಮಾಡಿ ಬಂದರು. ಬೇರೆ ಮಿಲ್ಲಿಗೆ ಹೋದರು. ಹಿಟ್ಟನ್ನು ಪಂಚೆಯಲ್ಲಿ ಜರಡಿ ಹಿಡಿದರು. ಎಸರಿಗೆ ನೀರು ಹೆಚ್ಚಿಸಿದರು. ಮುದ್ದೆ ಮೆತ್ತಗಾಯಿತು, ಇನ್ನೂ ಮೆತ್ತಗಾಯಿತು, ತಟ್ಟೆಯಲ್ಲಿ ನಿಲ್ಲದಷ್ಟಾಯಿತು. ಒಂದು ದಿನ ನಾನು ತಿರುವಿದ್ದೆ. ಅವತ್ತು ತಪ್ಪು ನನ್ನದಾಯಿತು: "ಬೆಂಗ್ಳೂರು ಕೈ, ಬಿಡಮ್ಮಿ, ನಾನೇ ಮಾಡ್ತೀನಿ."

ಮಾವ ಸೊರಗುತ್ತಿದ್ದರು. ಪಂಚೆ ಕಟ್ಟುವಾಗ ಒಂದು ಸುತ್ತು ಹೆಚ್ಚು ಬರುತ್ತಿತ್ತು. ನಾನು ಸುಮ್ಮನಿರುವ ಜಾತಿಯಲ್ಲ. ನನ್ನ ಪುಟ್ಟ ಮಗಳಿಗೆ ಒಂದು ಸೀನು ಬಂದರೂ ಥರ್ಮಾಮೀಟರ್ ಹುಡುಕುವವಳು. "ಮಾವ, ಡಾಕ್ಟ್ರಿಗೆ ತೋರಿಸೋಣ" ಎಂದೆ. "ಗ್ಯಾಸು ತಾಯಿ" ಎಂದರು. ಮುರಳಿಗೆ ಹೇಳಿದೆ. ಅವರೂ ಕೇಳಿದರು, ಅದೇ ಉತ್ತರ. ಸೂಳಗಿರಿಯ ಔಷಧಿ ಅಂಗಡಿಯವನೂ ಗ್ಯಾಸೇ ಎಂದ. ಬಿಳಿ ದ್ರವದ ಬಾಟಲಿ ಕೊಟ್ಟ. ಮಾವ ಅದನ್ನು ಕುಡಿದು ತೇಗಿ, "ನೋಡು, ಹೋಯ್ತು" ಎಂದರು.

ಮನೆ ಬಾಗಿಲಿಗೇ ಸರ್ಕಾರದ ಆರೋಗ್ಯ ಕಾರ್ಯಕರ್ತೆ ಬರುತ್ತಿದ್ದಳು. ಗಂಗಾದೇವಿ, ಪಕ್ಕದ ಊರಿನವಳು. ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುವಳು, ಬೆರಳಿಗೆ ಚುಚ್ಚಿ ಶುಗರ್ ನೋಡುವಳು, ಮಾತ್ರೆ ಕೊಡುವಳು. ಅವಳ ಮುಂದೆ ಮಾವ ಎದೆ ಉಬ್ಬಿಸಿ ಕೂರುತ್ತಿದ್ದರು.

"ಬಿಪಿ ಚೆನ್ನಾಗೈತೆ ಮಾಮಾ. ಶುಗರ್ರೂ ಇಲ್ಲ."

"ಇನ್ನೇನು, ಇನ್ನೊಂದ್ ಮದುವೆ ಆಗ್ಬೋದು ಅನ್ನು."

ಅವಳು ನಕ್ಕು ಮುಂದಿನ ಮನೆಗೆ ಹೋಗುತ್ತಿದ್ದಳು. ಅವಳನ್ನು ದೂರುತ್ತಿಲ್ಲ. ಅವಳಿಗೆ ಕಲಿಸಿದ್ದು ಅಷ್ಟೇ: ಬಿಪಿ, ಶುಗರ್, ಜ್ವರ, ಕೆಮ್ಮು. ಇಡೀ ಸೀಮೆ ದಿನಕ್ಕೆರಡು ಹೊತ್ತು ಮುದ್ದೆ ನುಂಗುತ್ತದೆ. ಅದು ಗಂಟಲು ದಾಟಿ ಸಲೀಸಾಗಿ ಇಳಿಯುತ್ತಿದೆಯೇ ಎಂದು ಕೇಳಲು ಯಾರೂ ಯಾರಿಗೂ ಹೇಳಿರಲಿಲ್ಲ.

ಗೊತ್ತಾಗಿದ್ದು ಹಸುವಿನ ಕಲಗಚ್ಚಿನ ಬಾನಿಯಿಂದ. ಅತ್ತೆ ಒಂದು ಸಂಜೆ ಅದಕ್ಕೆ ಕೈ ಹಾಕಿ ಕಲಸುವಾಗ ಗಟ್ಟಿಯಾಗಿ ಏನೋ ಸಿಕ್ಕಿತು. ಹೊರಗೆ ತೆಗೆದರು. ಮುದ್ದೆ. ಉಂಡೆ ಮಾಡಿದ ತುತ್ತುಗಳು, ಬೆರಳಿನ ಗುರುತು ಹಾಗೇ ಇತ್ತು. ಬಹಳ ದಿನಗಳಿಂದ ಮಾವ ಊಟದ ತಟ್ಟೆ ತಾವೇ ತೊಳೆಯಲು ತೆಗೆದುಕೊಂಡು ಹೋಗುತ್ತಿದ್ದುದು ಆಗ ನಮಗೆಲ್ಲ ನೆನಪಾಯಿತು.

ಅತ್ತೆ ಆ ಕೈಯಲ್ಲೇ ಜಗುಲಿಗೆ ಬಂದರು. "ಏನಿದು?"

ಮಾವ ಎದ್ದು ನಿಂತರು.

"ನನ್ ಕೈ ಮುದ್ದೆ ಹಸೂಗಾಯ್ತಾ? ಮೂವತ್ತು ವರ್ಸ ಉಂಡ್ರಲ್ಲ, ಈಗ ರುಚಿ ಕೆಟ್ಟೋಯ್ತಾ? ಬಾಯ್ಬಿಟ್ಟು ಹೇಳಿದ್ರೆ ನಾನು ಒಲೇನೇ ಮುಟ್ತಿರ್ಲಿಲ್ಲ!"

"ಏ, ಹಂಗಲ್ವೇ..."

"ಇನ್ನೆಂಗೆ? ದನಕ್ಕೆ ಹಾಕ್ಬುಟ್ಟು ನನ್ ಮುಂದೆ ತೇಗ್ತಾವ್ರೆ!"

"ಇಳೀತಿಲ್ಲ ಕಣೇ" ಎಂದರು ಮಾವ. ಎದೆಯ ನಡುವೆ ಬೆರಳಿಟ್ಟು ತೋರಿಸಿದರು. "ಇಲ್ಲಿಗಂಟ ಬತ್ತದೆ. ಇಲ್ಲಿ ನಿಂತ್ಕಂತದೆ. ಆಮೇಲೆ ಹಿತ್ಲಿಗೆ ಹೋಗಿ ಕಕ್ಕೋಬೇಕು. ನೀನು ರಾಗಿ ಬದಲಾಯಿಸ್ದೆ, ಮಿಲ್ ಬದಲಾಯಿಸ್ದೆ. ಇನ್ನೂ ಇಳೀತಿಲ್ಲ ಅಂತ ಯಾವ್ ಬಾಯಲ್ಲಿ ಹೇಳ್ಲಿ?"

ಅತ್ತೆಯ ಕೈಯಿಂದ ತುತ್ತು ನೆಲಕ್ಕೆ ಬಿತ್ತು. ಅವರು ಮಾವನ ಪಕ್ಕ ಕೂತರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುವುದನ್ನೂ ಮರೆತಿದ್ದರು.

ಮಾರನೆಯ ದಿನ ಮುರಳಿ ರಜೆ ಹಾಕಿದರು. ಮೊದಲು ಹೋದ ಆಸ್ಪತ್ರೆಯಲ್ಲಿ ಗಂಟಲೊಳಗೆ ಕ್ಯಾಮೆರಾ ಬಿಟ್ಟು ನೋಡುವ ಯಂತ್ರ ಇರಲಿಲ್ಲ. ಇನ್ನೂ ದೊಡ್ಡದಕ್ಕೆ ಬರೆದುಕೊಟ್ಟರು. ಅಲ್ಲಿ ಯಂತ್ರವಿತ್ತು, ನಮಗಿಂತ ಮುಂಚೆ ಬಂದವರ ಸಾಲೂ ಇತ್ತು. ದಿನ ಕೊಟ್ಟು ಕಳಿಸಿದರು. ಆ ದಿನ ಬರುವವರೆಗೆ ಮಾವ ಗಂಜಿಯ ತಿಳಿ, ಎಳನೀರು, ಹಾಲಿನ ಮೇಲೆ ಇದ್ದರು. ನಾನು ಮೊಬೈಲಿನಲ್ಲಿ ಏನೇನೋ ಓದಿ, ಓದಿದ್ದನ್ನು ಯಾರಿಗೂ ಹೇಳಲಾರದೆ, ಮಗಳಿಗೆ ಅನ್ನ ತಿನ್ನಿಸುವಾಗ ಅವಳ ಗಂಟಲನ್ನೇ ನೋಡುತ್ತಿದ್ದೆ. ಒಂದು ಕೆಮ್ಮು ಕೆಮ್ಮಿದರೂ ತುತ್ತು ನಿಲ್ಲಿಸಿ ಬೆನ್ನು ಸವರುತ್ತಿದ್ದೆ.

ಕ್ಯಾಮೆರಾ ಬಿಟ್ಟು ನೋಡಿದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ತಮಿಳಿನಲ್ಲಿ ಹೇಳಿದರು, ಮುರಳಿ ಕನ್ನಡಕ್ಕೆ ಮಾಡುತ್ತಾ ಹೋದರು. ಅನ್ನನಾಳದಲ್ಲಿ ಗಡ್ಡೆ. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೇವೆ, ಆದರೆ ನೋಡಿದರೇ ಗೊತ್ತಾಗುತ್ತದೆ. ಆಪರೇಷನ್ ಮಾಡುವ ಹಂತ ದಾಟಿದೆ. ಮುರಳಿ ಈ ಕೊನೆಯ ಮಾತನ್ನು ಕನ್ನಡಕ್ಕೆ ಮಾಡಲಿಲ್ಲ. ನನಗೆ ಅಷ್ಟು ತಮಿಳು ಅರ್ಥವಾಗುತ್ತಿತ್ತು.

ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಮುದ್ದೆಯಿಂದ ಆಯ್ತಾ ಅಂತ ಕೇಳೋ ಮುರಳಿ."

ಡಾಕ್ಟರಮ್ಮ ಜೋರಾಗಿ ತಲೆಯಾಡಿಸಿದರು. ಮುದ್ದೆಯಿಂದ ಅಲ್ಲವೇ ಅಲ್ಲ, ಹೊಗೆಸೊಪ್ಪು ಇದ್ದಿರಬಹುದು. ಮುದ್ದೆ ನುಂಗುವವರಿಗೆ ಇದು ಬೇಗ ಗೊತ್ತಾಗಬೇಕು, ಅಡ್ಡಿ ಇದ್ದರೆ ಮೊದಲು ನಿಲ್ಲುವುದೇ ಅದು. ಯಾಕೆ ಆಗಲೇ ಬರಲಿಲ್ಲ?

ಮುರಳಿ ಇದನ್ನು ಹೇಳಿದಾಗ ಅತ್ತೆ ಮಾವನ ಮುಖ ನೋಡಿದರು. ಮಾವ ಗೋಡೆ ನೋಡಿದರು.

ಕರೆಂಟು ಕೊಡುವುದು ಎನ್ನುವ ರೇಡಿಯೇಷನ್ ಚಿಕಿತ್ಸೆಗೆ ದೂರದ ಊರಿಗೆ ಕರೆದೊಯ್ದೆವು. ಸುಸ್ತಾಗಿ ಬಂದರು. ಕೊನೆಗೆ ಮೂಗಿನಲ್ಲಿ ಒಂದು ಸಣ್ಣ ಕೊಳವೆ ಹಾಕಿ ಮನೆಗೆ ಕಳಿಸಿದರು. ಅದು ಗಂಟಲು ದಾಟಿ ಹೊಟ್ಟೆಯವರೆಗೆ ಹೋಗುತ್ತದೆ. ನರ್ಸು ಅತ್ತೆಗೆ ಕಲಿಸಿಕೊಟ್ಟಳು: ರಾಗಿ ಅಂಬಲಿ ಕೊಡಬಹುದು, ತೆಳ್ಳಗೆ, ಬಟ್ಟೆಯಲ್ಲಿ ಸೋಸಿ, ಒಂದು ತರಿ ಹೋದರೂ ಕೊಳವೆ ಕಟ್ಟಿಕೊಳ್ಳುತ್ತದೆ, ಕೂರಿಸಿಕೊಂಡು, ನಿಧಾನವಾಗಿ.

ಮುದ್ದೆ ತಿರುವುತ್ತಿದ್ದ ಕೈ ಈಗ ಸಿರಿಂಜ್ ಹಿಡಿಯಿತು. ಮಾವನ ಹಳೆ ಪಂಚೆಯ ತುಂಡಿನಲ್ಲಿ ಅಂಬಲಿ ಸೋಸಿ, ಮತ್ತೆ ಸೋಸಿ, ದೀಪ ಹಚ್ಚುವಷ್ಟು ನಿಗಾ ಇಟ್ಟು ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದರು. ನಾವು ಅವಸರ ಮಾಡಿದರೆ ರೇಗುತ್ತಿದ್ದರು. ಮಾವ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದರು. ಒಮ್ಮೆ ಕಣ್ಣು ತೆರೆದು, "ಸಾರು ಯಾವುದೇ?" ಎಂದರು. ಅತ್ತೆ, "ಬಸ್ಸಾರು" ಎಂದರು. ಇಬ್ಬರೂ ನಕ್ಕರು. ನಾನು ಮಗಳನ್ನು ಎತ್ತಿಕೊಂಡು ಹೊರಗೆ ಹೋದೆ.

ಗಂಗಾದೇವಿ ಬಂದಾಗ ಮೂಗಿನ ಕೊಳವೆ ನೋಡಿ ಬಾಗಿಲಲ್ಲೇ ನಿಂತಳು. ಅವಳ ಕಣ್ಣು ತುಂಬಿತು. "ನಾನು ತಿಂಗ್ಳಾ ತಿಂಗ್ಳಾ ಬಂದೆ ಮಾಮಾ. ನಂಗೆ ತಿಳೀಲಿಲ್ಲ."

"ನಾನೆಲ್ಲಿ ಹೇಳ್ದೆ? ನೀನು ಬಿಪಿ ನೋಡ್ದೆ, ತೋಳು ಕೊಟ್ಟೆ. ಶುಗರ್ ನೋಡ್ದೆ, ಬೆರಳು ಕೊಟ್ಟೆ. ಮುದ್ದೆ ಇಳೀತದಾ ಅಂತ ಒಂದ್ ಮಾತು ಕೇಳಿದ್ರೆ ಬಾಯ್ಬಿಡ್ತಿದ್ನೇನೋ. ಹೆಂಡ್ತಿಗೆ ಹೇಳಕ್ಕಾಗಲ್ಲ, ಹೊರಗ್ನೋರು ಕೇಳಿದ್ರೆ ಹೇಳ್ಬೋದು." ದನಿ ಗೊಗ್ಗರಾಗಿತ್ತು. ಸ್ವಲ್ಪ ಉಸಿರು ತೆಗೆದುಕೊಂಡು, "ಇನ್ಮೇಲೆ ಕೇಳಮ್ಮಿ. ಎಲ್ಲಾರ ಮನೇಲೂ ಕೇಳು" ಎಂದರು.

"ಕೇಳಿದ್ರೆ ನಗ್ತಾರೆ ಮಾಮಾ."

"ನಾನೂ ಬತ್ತೀನಿ ನಡಿ. ನನ್ನ ಮೋರೆ ನೋಡಿ ನಗ್ಲಿ."

ನಾವು ಬೇಡವೆಂದೆವು. ಧೂಳು, ಬಿಸಿಲು, ಕೊಳವೆ ಎಲ್ಲಾದರೂ ಸಿಕ್ಕಿಕೊಂಡರೆ ಎಂದು ನಾನು ಕೂಗಾಡಿದೆ. ಕೇಳಲಿಲ್ಲ. ತಲೆಗೆ ಟವೆಲ್ ಸುತ್ತಿ, ಕೊಳವೆಯ ತುದಿಯನ್ನು ಕಿವಿಯ ಮೇಲೆ ಸಿಕ್ಕಿಸಿ, ಕೋಲು ಹಿಡಿದು ಹೊರಟರು. ಜೊತೆಗೆ ನಾನೂ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ನಡೆದೆ.

ಟೀ ಅಂಗಡಿಯ ಮುಂದೆ ಚಿನ್ನಸ್ವಾಮಿ ಕೂತಿದ್ದ. ಮಾವನ ಜೊತೆ ಟೊಮೇಟೊ ಗಾಡಿಯಲ್ಲಿ ಮಂಡಿಗೆ ಹೋಗುತ್ತಿದ್ದವನು, ಬಾಯಿಬಡುಕ.

"ಏನಣ್ಣೋ, ಮೂಗ್ದಾರ ಹಾಕ್ಬುಟ್ಟವ್ರೆ? ಯಾರ್ ಹಿಡ್ಕಂಡವ್ರೆ ಹಗ್ಗ, ಅತ್ತಿಗೇನಾ?"

ಕೂತವರೆಲ್ಲ ಗೊಳ್ಳೆಂದರು. ನನಗೆ ಸಿಟ್ಟು ನೆತ್ತಿಗೇರಿತು. ಮಾವ ಮಾತ್ರ ಅವನ ಪಕ್ಕದಲ್ಲೇ ಕೂತರು.

"ಹಗ್ಗ ಅವಳ ಕೈಲೇ ಇತ್ತು ಬಿಡ್ಲಾ, ಮೂವತ್ತು ವರ್ಸದಿಂದ. ಈಗ ಕಾಣ್ತಾ ಐತೆ ಅಷ್ಟೆ. ನಿಂಗೆ ಮುದ್ದೆ ಇಳೀತದೇನ್ಲಾ?"

"ನಂಗೇನು! ಕಲ್ಲು ಕೊಡು, ನುಂಗ್ತೀನಿ."

"ದಿಟ ಹೇಳು."

"ದಿಟ ಕಣಣ್ಣ."

ಗಂಗಾದೇವಿ ಅಲ್ಲಿದ್ದ ಎಲ್ಲರನ್ನೂ ಕೇಳಿದಳು. ಎಲ್ಲರೂ ನಗುತ್ತಲೇ ಉತ್ತರಿಸಿದರು. ನಾವು ಮುಂದಿನ ಬೀದಿಗೆ ತಿರುಗುವಾಗ ಹಿಂದಿನಿಂದ ಹೆಜ್ಜೆ ಸದ್ದು ಬಂತು. ಚಿನ್ನಸ್ವಾಮಿ. ಟವೆಲನ್ನು ಹಿಂಡುತ್ತಾ ನಿಂತಿದ್ದ, ಮುಖದಲ್ಲಿ ನಗುವಿರಲಿಲ್ಲ.

"ಅಣ್ಣ... ಯಾರ್ಗೂ ಹೇಳ್ಬೇಡ. ದೀಪಾವಳಿಯಿಂದ ನಿಂತು ನಿಂತು ಹೋಯ್ತದೆ. ಮನೇವ್ಳು ಹೊಸ ಕುಕ್ಕರ್ ತಂದ್ಲು, ಅದ್ಕೇ ಅನ್ಕಂಡಿದ್ದೆ."

ಮಾವ ಅವನ ತೋಳು ಹಿಡಿದುಕೊಂಡರು. "ನಾಳೇನೇ ಹೋಗ್ತೀಯ ನೀನು. ಮುರಳಿ ಜೊತೆ ಹೋಗು. ಕುಕ್ಕರ್ ತಂಟೆಗೆ ಹೋಗ್ಬೇಡ."

ಅವನನ್ನು ಪರೀಕ್ಷೆ ಮಾಡಿದರು. ಅನ್ನನಾಳ ಒಂದು ಕಡೆ ಹುಣ್ಣಾಗಿ ಕಿರಿದಾಗಿತ್ತು, ಗಡ್ಡೆ ಇರಲಿಲ್ಲ. ಹಿಗ್ಗಿಸಿ, ಔಷಧಿ ಕೊಟ್ಟು ಕಳಿಸಿದರು. ಈಗ ಉಣ್ಣುತ್ತಾನೆ. ಗಂಗಾದೇವಿ ಹೋದ ಕಡೆಯೆಲ್ಲ ಆ ಪ್ರಶ್ನೆ ಕೇಳುತ್ತಾಳೆ. ಬಿಪಿ ಪಟ್ಟಿ ಬಿಚ್ಚುವಾಗ, ಏನೂ ಅಲ್ಲವೆಂಬಂತೆ. ಮೇಲಿನವರಿಗೂ ಹೇಳಿದ್ದಾಳೆ, ಎಲ್ಲ ಊರುಗಳಲ್ಲೂ ಕೇಳಿಸಿ, ಇಳಿಯುತ್ತಿಲ್ಲ ಎಂದವರಿಗೆ ಸಾಲಿನಲ್ಲಿ ಮೊದಲು ಜಾಗ ಕೊಡಿ ಎಂದು. ನೋಡೋಣ ಎಂದಿದ್ದಾರಂತೆ. ನಾನು ಇದನ್ನು ಬರೆಯುತ್ತಿರುವುದೂ ಅದಕ್ಕೇ. ದೊಡ್ಡ ಯಂತ್ರಗಳು ಹತ್ತಿರ ಬರಲಿ, ಸಾಲು ಚಿಕ್ಕದಾಗಲಿ, ಅದೆಲ್ಲ ಬೇಕು. ಆದರೆ ಮೊದಲು ಯಾರಾದರೂ ನಮ್ಮವರನ್ನು ಅವರ ಊಟದ ಬಗ್ಗೆ ಕೇಳಬೇಕು.

ಚಿನ್ನಸ್ವಾಮಿಯ ಸುದ್ದಿ ಕೇಳಿದಾಗ ಮಾವ, "ಬದುಕ್ಕಂಡ ನನ್ಮಗ" ಎಂದು ಸಂತೋಷಪಟ್ಟರು. ಅತ್ತೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರು ಅತ್ತಿದ್ದು ಯಾಕೆಂದು ನಾನು ಕೇಳಲಿಲ್ಲ. ದೀಪಾವಳಿಯಿಂದ ಎಂದಿದ್ದ ಅವನು. ನಮ್ಮ ಮನೆಯಲ್ಲಿ ನಿಂತದ್ದು ಆ ದೀಪಾವಳಿಗೂ ಹಿಂದಿನ ಸುಗ್ಗಿಯಿಂದ.

ಮಾವಿನ ಕಾಯಿ ಬಲಿಯುವ ಹೊತ್ತಿಗೆ ಮಾವ ತೀರಿಕೊಂಡರು. ಬೆಳಗ್ಗೆ ಅತ್ತೆ ಅಂಬಲಿ ಸೋಸುತ್ತಿದ್ದಾಗಲೇ ಉಸಿರು ನಿಂತಿತ್ತು. ಸೋಸಿ ತಂದು ಪಕ್ಕದಲ್ಲಿ ಕೂತು ಕೂಗಿದರು, ಏಳಲಿಲ್ಲ.

ತಿಥಿಯ ದಿನ ಎಡೆ ಇಡಬೇಕು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯಲ್ಲಿ ಬಡಿಸಿ, ಬಾಗಿಲು ಮುಚ್ಚಿ, ಅವರು ಉಣ್ಣಲೆಂದು ಎಲ್ಲರೂ ಹೊರಗೆ ಕಾಯುವುದು ನಮ್ಮ ಪದ್ಧತಿ. ಮಾವನ ಅಣ್ಣ ಶ್ಯಾಮಣ್ಣನವರು ಹಿರಿಯರಾಗಿ ನಿಂತು ಮಾಡಿಸುತ್ತಿದ್ದರು. ಎಲೆಯ ತುಂಬ ಪಲ್ಯ, ವಡೆ, ಪಾಯಸ, ಅವರೆಕಾಳಿನ ಸಾರು. ನಡುವೆ ಜಾಗ ಖಾಲಿಯಿತ್ತು.

"ಮುದ್ದೆ ಎಲ್ಲಮ್ಮ? ಅವ್ನಿಗೆ ಅದೇ ಅಲ್ವಾ ಮುಖ್ಯ?"

ಅತ್ತೆ ಒಳಗಿನಿಂದ ಬಂದರು. ಕೈಯಲ್ಲಿ ಲೋಟವಿತ್ತು. ತೆಳ್ಳನೆಯ ಅಂಬಲಿ, ಒಂದು ತರಿಯೂ ಇಲ್ಲದ್ದು. ಅದನ್ನು ಎಲೆಯ ನಡುವೆ ಇಟ್ಟರು.

"ಏನಮ್ಮ ಇದು? ಎಡೆಗೆ ಯಾರಾನಾ ಅಂಬ್ಲಿ ಇಡ್ತಾರಾ? ಸತ್ತೋರಿಗೆ ಕಾಯಿಲೆ ಇರ್ತದಾ?"

"ಇರಲ್ಲ ಅಂತ ನಿಮ್ಗೆ ಯಾರ್ ಹೇಳಿದ್ರು ಭಾವ?"

ಶ್ಯಾಮಣ್ಣನವರು ಲೋಟದ ಕಡೆ ಕೈ ಚಾಚಿದರು.

"ಮುದ್ದೆ ಇಟ್ರೆ ಉಣ್ತಾರೆ ಅವ್ರು. ನಂಗೆ ಬೇಜಾರಾಗ್ಬಾರ್ದು ಅಂತ ಉಣ್ತಾರೆ. ಆಮೇಲೆ ಎಲ್ಲೋ ಹೋಗಿ ಕಕ್ಕೋತಾರೆ. ಬ್ಯಾಡ."

ಬಾಗಿಲು ಎಳೆದೆವು. ಎಲ್ಲರೂ ಅಂಗಳದ ಬಿಸಿಲಿನಲ್ಲಿ ನಿಂತೆವು. ಸಾಮಾನ್ಯವಾಗಿ ಸ್ವಲ್ಪ ಹೊತ್ತು ಕಾದು, ಕೆಮ್ಮಿ ಸದ್ದು ಮಾಡಿ ತೆಗೆಯುತ್ತಾರೆ. ಶ್ಯಾಮಣ್ಣನವರು ಕೆಮ್ಮಿ ಚಿಲಕಕ್ಕೆ ಕೈ ಹಾಕಿದರು. ಹೊಸ್ತಿಲ ಪಕ್ಕ ಕೂತಿದ್ದ ಅತ್ತೆ ಅವರ ಕೈ ತಡೆದರು.

"ಇನ್ನೊಂಚೂರು ತಡೀರಿ. ಅವ್ರಿಗೆ ನಿಧಾನ್ವಾಗಿ ಹೋಗ್ಬೇಕು."

ನೆಂಟರಿಗೆ ಹಸಿವಾಗಿತ್ತು. ನನ್ನ ಮಗಳು ಊಟಕ್ಕೆ ಅಳತೊಡಗಿದಳು. ಯಾರೋ ಅವಳನ್ನು ನನ್ನ ಕೈಯಿಂದ ಎತ್ತಿಕೊಂಡು ನೆರಳಿಗೆ ಕರೆದೊಯ್ದರು. ಶ್ಯಾಮಣ್ಣನವರು ಚಿಲಕ ಬಿಟ್ಟು ಜಗುಲಿಯ ಅಂಚಿನಲ್ಲಿ ಕೂತರು. ಚಿನ್ನಸ್ವಾಮಿ ಬೆನ್ನು ತಿರುಗಿಸಿ ನಿಂತಿದ್ದ. ಅತ್ತೆ ಬಾಗಿಲಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದರು. ಅವರಾಗಿ ಏಳುವವರೆಗೆ ಬಾಗಿಲು ತೆಗೆಯಿರಿ ಎಂದು ಯಾರೂ ಹೇಳಲಿಲ್ಲ.